ಹೆಬ್ಬೆರಳ ಕೆಳಗಿನ ರಿಮೋಟು

ನನ್ನ ಬಲಗೈ ನಡುಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬಳಗದಲ್ಲಿ ಇದನ್ನು ಪಿಸುಗುಟ್ಟುವವರೇ ಹೆಚ್ಚು. ಕೊಪ್ಪಳದ ಡಾಕ್ಟರು ಕೈ ಎತ್ತಿಸಿ, ಇಳಿಸಿ, ಕಾಗದದ ಮೇಲೆ ಸುರುಳಿ ಬರೆಸಿ, "ಜೀವಕ್ಕೇನೂ ಧೋಕಾ ಇಲ್ರಿ, ಆದ್ರ ಪೂರ್ತಿ ಹೋಗೂದಿಲ್ಲ. ಒಂದೊಂದು ಮನಿತನದಾಗ ಬರತೈತಿ ಇದು," ಎಂದರು. ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗುತ್ತೇನೆ, ಕೈ ತನ್ನ ಪಾಡಿಗೆ ತಾನು ನಡುಗುತ್ತದೆ.

ನಾನು ಕುಷ್ಟಗಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಕೈ ನಡುಗಿದರೆ ಹೊಲಿಯುವುದು ಹೇಗೆ ಎಂದು ಕೇಳುವವರಿಗೆ ಒಂದೇ ಉತ್ತರ: ಬಟ್ಟೆಯ ಮೇಲೆ ಅಂಗೈ ಊರಿದರೆ ನಡುಕ ಅರ್ಧ ಸತ್ತುಹೋಗುತ್ತದೆ, ಉಳಿದದ್ದನ್ನು ಕಾಲು ನೋಡಿಕೊಳ್ಳುತ್ತದೆ. ಮಷೀನಿಗೆ ಮೋಟರು ಹಾಕಿಸಿ ಇಪ್ಪತ್ತು ವರ್ಷವಾಯಿತು. ಪೆಡಲು ಎಷ್ಟು ಒತ್ತಿದರೆ ಅಷ್ಟು ಓಟ. ತೋಳು ಕೂಡಿಸುವಾಗ ಸೂಜಿ ಒಂದೊಂದೇ ಹೊಲಿಗೆ ಹಾಕುವಷ್ಟು ಮೆತ್ತಗೆ ಒತ್ತಬೇಕು. ನನ್ನ ಕಾಲಿಗೆ ಅದು ಗೊತ್ತು.

ಆದರೆ ನನ್ನ ಹುಚ್ಚು ಹೊಲಿಗೆಯಲ್ಲ, ಕ್ಯಾಮೆರಾ. ಹತ್ತು ವರ್ಷದ ಹಿಂದೆ ಗಂಗಾವತಿಯ ರಿಪೇರಿ ಅಂಗಡಿಯಲ್ಲಿ ಯಾರೋ ಮಾರಿಹೋಗಿದ್ದ ವಿಡಿಯೋ ಕ್ಯಾಮೆರಾ ತಂದೆ. ಮರಳಿ ಊರಿನ ಕಡೆ ಭತ್ತ ನಾಟಿ ಮಾಡುವ ಹೆಂಗಸರನ್ನು ತೆಗೆದೆ, ಹುಲಿಗಿಯ ಹೊಳೆಯಲ್ಲಿ ಮಿಂದು ಕೂದಲು ಒಣಗಿಸಿಕೊಳ್ಳುವವರನ್ನು ತೆಗೆದೆ, ಅಂಗಡಿಗೆ ಬಂದು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವವರನ್ನು ಕೇಳಿಯೇ ತೆಗೆದೆ. ಯಾರೂ ದುಡ್ಡು ಕೊಡಲಿಲ್ಲ, ನಾನೂ ಬೇಡಲಿಲ್ಲ. ಫೋನು ಇರುವಾಗ ಈ ಡಬ್ಬಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ದೂರದ ಮುಖವೊಂದನ್ನು ಮೆಲ್ಲಗೆ, ಅದಕ್ಕೆ ಗೊತ್ತಾಗದಷ್ಟು ಮೆಲ್ಲಗೆ ಹತ್ತಿರ ತರುವ ಸುಖ ನನ್ನ ಫೋನಿನಲ್ಲಿಲ್ಲ, ಅದಕ್ಕೆ.

ಕೈ ನಡುಗತೊಡಗಿದ ಮೇಲೆ ಚಿತ್ರವೂ ನಡುಗಿತು. ಕೊಪ್ಪಳದಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಒಮ್ಮೆ ಟಿವಿಗೆ ಹಚ್ಚಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ತಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಎಲ್ಲದಕ್ಕೂ ಅವನದೇ ಕೊನೆಯ ಮಾತು. "ಅಕ್ಕಾ, ಸಾಕು ಬಿಡು ಇನ್ನ. ವಯಸ್ಸಿಗೆ ತಕ್ಕಂಗ ಇರೂದು ಕಲಿ," ಎಂದ. ನನಗೂ ಅವನಿಗೂ ಎರಡೇ ವರ್ಷದ ಅಂತರ. ಅಷ್ಟರಲ್ಲಿ ಚಹಾ ಬಂತು. ಅವನು ಈಗೀಗ ಅರ್ಧ ಕಪ್ಪಷ್ಟೇ ಕುಡಿಯುತ್ತಾನೆ, ಸಕ್ಕರೆ ಕಾಯಿಲೆ ಇರಬೇಕೆಂದುಕೊಂಡೆ.

ಬಿಡುವುದಿಲ್ಲ ಎಂದು ನಾನು ಗಂಗಾವತಿಗೇ ಹೋದೆ. ಸ್ಟ್ಯಾಂಡಿನ ಮೇಲಿಟ್ಟರೂ ಜೂಮ್ ಮಾಡಲು ಮುಟ್ಟಿದ ಕೂಡಲೇ ಕ್ಯಾಮೆರಾ ಅಲುಗುತ್ತದೆ, ಏನು ಮಾಡಲಿ ಎಂದು ಕೇಳಿದೆ. ರಿಪೇರಿ ಅಂಗಡಿಯವನು ಡ್ರಾದಿಂದ ಕರಿ ಪ್ಲಾಸ್ಟಿಕ್ಕಿನದೊಂದು ಸಣ್ಣ ಸಾಮಾನು ತೆಗೆದ. ಒಂದು ಕೆಂಪು ಗುಂಡಿ, ಹಿಂದೆ ಮುಂದೆ ತೂಗುವ ಒಂದು ಪಟ್ಟಿ, ಉದ್ದನೆಯ ವೈರು. "ಕ್ಯಾಮೆರಾ ಪಕ್ಕದಾಗ ರಬ್ಬರ್ ಮುಚ್ಚಳ ಐತಲ್ರಿ, ಅದರ ತಳಗಿನ ತೂತಿಗೆ ಇದನ್ನ ಚುಚ್ರಿ. ಇದು ಅಗ್ಗದ್ದರಿ. ವೈರ್ ಇಲ್ಲದ್ದು ಭಾಳ ತುಟ್ಟಿ, ಮತ್ತ ನಿಮ್ಮ ಕ್ಯಾಮೆರಾಕ್ಕ ಹೊಂದೂದೂ ಇಲ್ಲ," ಎಂದ. ನಾಲ್ಕು ಬ್ಲೌಸು ಹೊಲಿದರೆ ಹುಟ್ಟುವ ದುಡ್ಡು. ಪಟ್ಟಿಯನ್ನು ಮೆತ್ತಗೆ ಒತ್ತಿದರೆ ಚಿತ್ರ ಮೆಲ್ಲಗೆ ಹತ್ತಿರ ಬರುತ್ತದೆ, ಜೋರಾಗಿ ಒತ್ತಿದರೆ ಓಡಿ ಬರುತ್ತದೆ. ಬಸ್ಸಿನಲ್ಲಿ ಕುಷ್ಟಗಿ ಮುಟ್ಟುವವರೆಗೂ ಅದನ್ನು ಚೀಲದಿಂದ ತೆಗೆದು ತೆಗೆದು ನೋಡಿದೆ.

ಆ ತಿಂಗಳೇ ತಮ್ಮನ ಮೊಮ್ಮಗಳ ತೊಟ್ಟಿಲು ಕಾರ್ಯ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ರಿಮೋಟು ನನ್ನ ಕೈಯಲ್ಲಿ, ನಾನು ಪಕ್ಕದ ಕುರ್ಚಿಯಲ್ಲಿ. ಕ್ಯಾಮೆರಾದ ಮೂತಿಯಲ್ಲಿ ಹೊತ್ತುವ ಕೆಂಪು ದೀಪವನ್ನು ಹೆಂಗಸರು ದಿಟ್ಟಿಸಿ ಬಿಗಿದುಕೊಂಡು ಕೂಡುತ್ತಾರೆಂದು ಅದರ ಮೇಲೆ ನನ್ನ ಟಿಕಳಿಯನ್ನೇ ಅಂಟಿಸಿದ್ದೆ. ಹಣೆಯ ಮೇಲಿರಬೇಕಾದದ್ದನ್ನು ಅಲ್ಲಿ ಹಚ್ಚಿದ ಈ ಜಾಣತನಕ್ಕೆ ನನ್ನನ್ನು ನಾನೇ ಎಷ್ಟು ಬೈದುಕೊಂಡರೂ ಕಡಿಮೆಯೇ.

ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ಚಿತ್ರೀಕರಣ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ನನ್ನ ಹೆಬ್ಬೆರಳು ನಡುಗಿ ಎರಡು ಸಲ ಒತ್ತಿತ್ತು. ಶುರುವಾದದ್ದು ಅಲ್ಲೇ ನಿಂತಿತು. ದೀಪ ಕಾಣದು, ಪರದೆಯ ಮೂಲೆಯ ಸಣ್ಣ ಅಕ್ಷರ ಕನ್ನಡಕವಿಲ್ಲದೆ ಕಾಣದು. ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಕೂಗಿ, ಹೆಸರು ಕೂಗಿದ ಸೋದರತ್ತೆಯ ಬೆನ್ನಿಗೆ ಗುದ್ದಿ ನಕ್ಕದ್ದೆಲ್ಲ ಮುಗಿದ ಮೇಲೆ ನಾನು ಬಂದ್ ಮಾಡಲು ಒತ್ತಿದೆ. ಆಗ ಶುರುವಾಯಿತು.

ಮನೆಗೆ ಬಂದು ಹಚ್ಚಿ ನೋಡಿದರೆ ಖಾಲಿ ತೊಟ್ಟಿಲು, ಊಟದ ಎಲೆ, ಹತ್ತಾರು ಜನರ ಕಾಲು. ಮತ್ತು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತ ತಮ್ಮ, ಎದುರಿಗೆ ಕುಕನೂರಿನ ನಮ್ಮ ತಂಗಿ. ತಂಗಿಯ ಮಗಳು ಆಗ ಆರು ತಿಂಗಳ ಬಸುರಿ, ಮುಂದಿನ ತಿಂಗಳು ಕುಬಸ. ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ಉಡಿಸಿ ಉಡಿ ತುಂಬುವ ಆ ಕಾರ್ಯದ ಕುಬಸ ಹೊಲಿಯುವವಳೂ ನಾನೇ, ಚಿತ್ರ ತೆಗೆಯುವವಳೂ ನಾನೇ ಎಂದು ಹುಡುಗಿ ಎಂದೋ ಹೇಳಿಟ್ಟಿದ್ದಳು. ತಮ್ಮನ ದನಿ ಚೊಕ್ಕವಾಗಿ ಕೇಳಿತು.

"ಕುಬಸಕ್ಕ ಅಕ್ಕನ ಕೈಯಾಗ ಕ್ಯಾಮೆರಾ ಕೊಡಬ್ಯಾಡ್ರಿ. ಯಲಬುರ್ಗಾದಾಗ ಫೋನಿನ್ಯಾಗ ತಗಿಯೋ ಹುಡುಗ್ರು ಅದಾರ, ಕರಸ್ತೀನಿ. ಆಕಿಗೆ ಹೇಳಿ ಮನಸ್ಸು ನೋಯಿಸೂದು ಬ್ಯಾಡ, ಸುಮ್ಮನ ಕುಂದರ್ಸಿಬಿಡೋಣು."

ತಂಗಿ ಹೂಂ ಎಂದಳು. ನಾನು ಅತ್ತೆ. ಆಮೇಲೆ ಸಿಟ್ಟು ಬಂತು. ಸುಮ್ಮನೆ ಕೂರಿಸುವುದಕ್ಕೆ ನಾನೇನು ಒಡೆದ ಮೂರ್ತಿಯೇ? ಖಾಲಿ ತೊಟ್ಟಿಲಷ್ಟೇ ಬಂದಿದೆ ಎಂದು ತಮ್ಮನಿಗೆ ಫೋನಿನಲ್ಲಿ ಹೇಳಿ, ಆ ತುಣುಕನ್ನು ಅಳಿಸದೆ ಇಟ್ಟುಕೊಂಡೆ. ಒಂದು ದಿನ ಎಲ್ಲರ ಮುಂದೆ ಹಚ್ಚುತ್ತೇನೆ, ಅವನ ಮುಖ ನೋಡುತ್ತೇನೆ ಎಂದು ಹಲ್ಲು ಕಡಿದುಕೊಂಡೆ.

ಮರುದಿನ ಹಸಿರು ಖಣದ ಕುಬಸಕ್ಕೆ ತೋಳು ಕೂಡಿಸುತ್ತಿದ್ದೆ. ಪೆಡಲಿನ ಮೇಲೆ ಕಾಲು ತನ್ನಷ್ಟಕ್ಕೆ ಮೆತ್ತಗಾಗಿತ್ತು, ಸೂಜಿ ಒಂದು, ಇನ್ನೊಂದು, ಮತ್ತೊಂದು ಎಂದು ಇಳಿಯುತ್ತಿತ್ತು. ಮಷೀನು ನಿಲ್ಲಿಸಿ ಕಾಲನ್ನೇ ನೋಡಿದೆ. ಎದ್ದು ಹೋಗಿ ರಿಮೋಟು ತಂದೆ. ಅಂಗೈ ಅಗಲದ ಹಲಗೆ ತುಂಡಿಗೆ ದಪ್ಪ ಬಟ್ಟೆಯ ಪಟ್ಟಿ ಬಿಗಿದು ರಿಮೋಟನ್ನು ಅದರಲ್ಲಿ ಸಿಕ್ಕಿಸಿ ನೆಲಕ್ಕಿಟ್ಟು, ಹೆಬ್ಬೆರಳು ಊರಿದೆ. ಕ್ಯಾಮೆರಾ ಎದುರು ಗೋಡೆಯ ಗಡಿಯಾರಕ್ಕೆ ನೆಟ್ಟಿತ್ತು. ಗಡಿಯಾರ ಮೆಲ್ಲಗೆ, ಬಹಳ ಮೆಲ್ಲಗೆ ಹತ್ತಿರ ಬಂತು. ಒಂದು ಚೂರೂ ಅಲುಗಲಿಲ್ಲ. ಒಬ್ಬಳೇ ಕೂತು ಜೋರಾಗಿ ನಕ್ಕೆ. ಕುಬಸದ ದಿನದವರೆಗೂ ಗಿರಾಕಿಗಳ ಕಣ್ಣು ತಪ್ಪಿಸಿ ಗಡಿಯಾರ, ಹಲ್ಲಿ, ಓಣಿಯ ಆಡು ಎಲ್ಲವನ್ನೂ ಕಾಲಲ್ಲೇ ಹತ್ತಿರ ಎಳೆದೆ, ದೂರ ತಳ್ಳಿದೆ.

ಕುಕನೂರಿಗೆ ಬೆಳಿಗ್ಗೆಯೇ ಹೋಗಿ ಪಡಸಾಲೆಯ ಮೂಲೆಯಲ್ಲಿ ಸ್ಟ್ಯಾಂಡು ಹೂಡಿದೆ. ಟಿಕಳಿ ಈ ಸಲ ನನ್ನ ಹಣೆಯ ಮೇಲಿತ್ತು, ಕನ್ನಡಕ ಮೂಗಿನ ಮೇಲೆ. ಯಲಬುರ್ಗಾದ ಇಬ್ಬರು ಹುಡುಗರು ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ಆಗಲೇ ಬಂದಿದ್ದರು. ತಮ್ಮ ನನ್ನ ಹತ್ತಿರ ಬಂದ.

"ಅಕ್ಕಾ, ನೀ ಆರಾಮ ಕುಂದರು. ಅವರು ತಗೀತಾರ."

"ನಾನೂ ಕುಂತೇ ತಗೀತೀನಿ," ಎಂದೆ.

"ಮತ್ತ ಖಾಲಿ ತೊಟ್ಟಿಲಾ?"

"ಅದರಾಗ ಏನೇನ ಬಂದೈತಿ ಅಂತ ನಿನಗ ಗೊತ್ತಿಲ್ಲ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದರು. ಹೆಂಗಸರು ಸುತ್ತ ಸೇರಿದರು, ಹಾಡು ಮಾತ್ರ ಏಳಲಿಲ್ಲ. ಪರ ಊರಿನ ಗಂಡುಹುಡುಗರು ಎರಡು ಗೇಣು ದೂರದಲ್ಲಿ ಕೋಲು ತಿರುಗಿಸುತ್ತ ನಿಂತರೆ ಬಸುರಿಯ ಹಾಡು ಯಾರ ಬಾಯಿಂದ ಬರುತ್ತದೆ? ಹಿರಿಯಳೊಬ್ಬಳು ಸೆರಗು ಎಳೆದುಕೊಂಡು, "ತಮ್ಮಗೋಳ್ರ್ಯಾ, ಒಂದೀಟು ಹೊರಗ ಹೋಗಿ ಚಾ ಕುಡೀರಿ," ಎಂದಳು. ಹುಡುಗರು ಹೋದರು. ಉಳಿದದ್ದು ನಾನು, ನನ್ನ ಕ್ಯಾಮೆರಾ, ಸೀರೆಯ ನೆರಿಗೆಯ ಕೆಳಗೆ ನನ್ನ ಕಾಲು.

ಹೆಬ್ಬೆರಳಿನಿಂದ ಕೆಂಪು ಗುಂಡಿಯನ್ನು ಒಂದೇ ಸಲ ಒತ್ತಿದೆ. ದೀಪ ಹೊತ್ತಿತು. ಹಾಡು ಎದ್ದಿತು. ಹುಡುಗಿ ನನ್ನತ್ತ ನೋಡಿ, "ದೊಡ್ಡವ್ವ, ಬರಾಕತ್ತೈತೇನು?" ಎಂದು ಮೆಲ್ಲಗೆ ಕೇಳಿದಳು. "ಬರಾಕತ್ತೈತಿ, ನೀ ಸುಮ್ಮನ ನಗು," ಎಂದೆ. ಸೋದರಮಾವನೆಂದು ತಮ್ಮನನ್ನು ಒಳಗೆ ಕರೆದರು. ಅವನು ತಟ್ಟೆಯಲ್ಲಿ ಹಸಿರು ಸೀರೆ, ನಾನು ಹೊಲಿದ ಕುಬಸ ಇಟ್ಟುಕೊಂಡು ಬಂದ. ತಟ್ಟೆ ಹುಡುಗಿಯ ಮುಂದೆ ಬಂದದ್ದೇ ನಾನು ಕಾಲಿನಿಂದಲೇ ಮೆಲ್ಲಗೆ ಕುಬಸಕ್ಕೆ ಹತ್ತಿರವಾದೆ. ನನ್ನ ಕಣ್ಣು ನನ್ನ ಹೊಲಿಗೆಯ ಮೇಲಿತ್ತು, ಬೇರೇನೂ ಕಾಣಲಿಲ್ಲ.

ಊಟವಾದ ಮೇಲೆ ಎಲ್ಲರೂ ಟಿವಿಯ ಮುಂದೆ ಕೂತರು. ಹುಡುಗರ ಫೋನಿನಲ್ಲಿ ಬಾಗಿಲ ತೋರಣ, ಚಪ್ಪಲಿ, ಜನ ಎಲ್ಲ ಬಣ್ಣಬಣ್ಣವಾಗಿ ಬಂದಿತ್ತು. ಉಡಿ ತುಂಬಿದ್ದು ಇರಲಿಲ್ಲ. ಆಮೇಲೆ ನನ್ನದು. ಚಿತ್ರ ನೆಟ್ಟ ಕಂಬದಂತೆ ನಿಂತಿತ್ತು, ಹುಡುಗಿಯ ಮುಖದ ಬೆವರು ಕಾಣುತ್ತಿತ್ತು. ಯಾರೂ ನಗಲಿಲ್ಲ. ನನ್ನ ಎದೆ ಉಬ್ಬಿತು. ಜೇಬಿನಂತೆ ಹೊಲಿದುಕೊಂಡ ಸೊಂಟದ ಚೀಲದಲ್ಲಿ ತೊಟ್ಟಿಲಿನ ದಿನದ ಚಿತ್ರವಿದ್ದ ಕ್ಯಾಮೆರಾ ಕಾರ್ಡೂ ಇತ್ತು. ಇದು ಮುಗಿಯಲಿ, ಅದನ್ನು ಹಚ್ಚುತ್ತೇನೆ ಎಂದು ಕಾದೆ.

ತಟ್ಟೆ ಹತ್ತಿರ ಬಂತು. ಹಸಿರು ಕುಬಸ ಕಂಡಿತು. ಕುಬಸದ ಅಂಚು ಅದುರುತ್ತಿತ್ತು.

"ಇಲ್ಲಿ ಅಲುಗ್ಯಾದ ನೋಡು ನಿನ್ನ ಕ್ಯಾಮೆರಾ," ಎಂದ ತಮ್ಮ. ಅವಸರದ ಮಾತು ಅದು. ಹಿಂದಿನ ಗೋಡೆ ಅಲುಗಿರಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರು ಅಲುಗಿರಲಿಲ್ಲ. ಅಲುಗುತ್ತಿದ್ದದ್ದು ತಟ್ಟೆ, ತಟ್ಟೆ ಹಿಡಿದ ಅವನ ಎರಡೂ ಕೈ. ಬಿದ್ದೀತೆಂದು ಹುಡುಗಿ ಕೆಳಗಿನಿಂದ ಕೈ ಕೊಟ್ಟದ್ದೂ ಕಾಣುತ್ತಿತ್ತು. ಅವನು ಅರ್ಧ ಕಪ್ಪಷ್ಟೇ ಚಹಾ ಕುಡಿಯುವುದು ಯಾಕೆಂದು ನನಗೆ ಆಗ ತಿಳಿಯಿತು, ತುಂಬಿದ್ದರೆ ಚೆಲ್ಲುತ್ತಿತ್ತು.

ಎಲ್ಲರೂ ಎದ್ದು ಹೋದ ಮೇಲೆ ಅವನು ನನ್ನ ಪಕ್ಕ ಬಂದು ಕೂತ. "ಶಾಲ್ಯಾಗ ಯಾರಿಗೂ ಗೊತ್ತಿಲ್ಲಕ್ಕಾ. ಬೋರ್ಡಿನ ಮ್ಯಾಲ ಹುಡುಗ್ರ ಕೈಲೇ ಬರಸ್ತೀನಿ. ಆ ತಟ್ಟಿ ಹಿಡಿದದ್ದೊಂದು ತಗದುಬಿಡು."

"ತಗಿಯಂಗಿಲ್ಲ," ಎಂದೆ. "ನನ್ನ ಕೈ ನಡುಗಿದ್ದನ್ನ ಊರೆಲ್ಲ ಕುಂತು ನೋಡೇತಿ. ನಿಂದು ಇರಲಿ. ಕಳ್ಳತನ ಮಾಡೀಯೇನು?"

ಸೊಂಟದ ಚೀಲದ ಕಾರ್ಡನ್ನು ಮುಟ್ಟಿ ನೋಡಿಕೊಂಡೆ. ಅದನ್ನು ತೆಗೆಯಲಿಲ್ಲ, ಇನ್ನು ತೆಗೆಯುವುದೂ ಇಲ್ಲ. ಅಡುಗೆಮನೆಯಿಂದ ತಂಗಿ ಕಿಟ್ಲಿಯಲ್ಲಿ ಚಹಾ ತಂದಳು, ಅವನಿಗೆ ಅರ್ಧ ಕಪ್ಪು ಸುರಿದಳು. ನಾನು ಕಿಟ್ಲಿ ಇಸಿದುಕೊಂಡು ಅದನ್ನು ಅಂಚಿನವರೆಗೂ ತುಂಬಿದೆ, ನನ್ನದನ್ನೂ ತುಂಬಿದೆ. ಸುರಿಯುವಾಗ ನನ್ನ ಕೈಯಿಂದ ಚೆಲ್ಲಿತು, ಎತ್ತುವಾಗ ಅವನ ಕೈಯಿಂದ ಚೆಲ್ಲಿತು. ತಂಗಿ ಒರೆಸುವ ಬಟ್ಟೆ ಹಿಡಿದು ಬಂದಳು. ಕುಡಿದು ಮುಗಿಸುವವರೆಗೂ ಒರೆಸಬೇಡ ಎಂದೆ.