ಬಗ್ಗಣ್ಣ ಕೊಂಡ ಡೋಜರ್

ನಮ್ಮ ಭಾವ ಬೆಳಗ್ಗೆ ಮುಖ ತೊಳೆಯುವುದನ್ನು ಬೇಕಾದರೆ ಮರೆತಾರು, ಗಾಡಿಯ ಹೊಟ್ಟೆ ನೋಡುವುದನ್ನು ಮರೆಯುವವರಲ್ಲ. ಕೆಲಸದ ಜಾಗಕ್ಕೆ ಹೋದೊಡನೆ ಡೋಜರಿನ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ಮೊಣಕಾಲೂರಿ ಬಗ್ಗಿ, ಕೆಳಗೆಲ್ಲಾದರೂ ಆಯಿಲ್ ತೊಟ್ಟಿಕ್ಕಿದೆಯೇ ಎಂದು ಹುಡುಕುತ್ತಾರೆ. ಕೀಲಿ ಹಾಕುವುದು ಅದಾದ ಮೇಲೆಯೇ. ಕೆಲಸವಿಲ್ಲದ ದಿನ ಬಸ್ಸು ಹತ್ತುವಾಗಲೂ ಅಷ್ಟೇ. ಅದರ ಅಡಿಗೆ ಒಮ್ಮೆ ಬಗ್ಗಿ ನೋಡದೆ ಹತ್ತಿದವರಲ್ಲ. ಮಗಳ ಮದುವೆಯ ದಿನ ಅಳಿಯನ ಕಾರಿನ ಅಡಿಗೂ ಬಗ್ಗಿದ್ದರು. ಏನೋ ಬಿದ್ದುಹೋಗಿದೆ ಅಂದುಕೊಂಡು ಬೀಗರೂ ಪಕ್ಕದಲ್ಲಿ ಬಗ್ಗಿ ಹುಡುಕಿದರು. ಅಂದಿನಿಂದ ಊರಿಗೆಲ್ಲ ಅವರು ಬಗ್ಗಣ್ಣ.

ಹರೆಯದಿಂದಲೂ ಅವರು ಓಡಿಸಿದ್ದು ಚೈನ್ ಡೋಜರ್. ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ಹರಿದಾಡುವ, ಎದುರಿಗೆ ಗೋಡೆಯಷ್ಟು ದೊಡ್ಡ ಬ್ಲೇಡ್ ಇರುವ ಯಂತ್ರ. ಅದರಿಂದ ಗುಡ್ಡ ತಳ್ಳಿದ್ದಾರೆ, ಹಳ್ಳ ಮುಚ್ಚಿದ್ದಾರೆ, ರಸ್ತೆಗೆ ದಾರಿ ಬಿಡಿಸಿದ್ದಾರೆ. ಊಟಕ್ಕೆ ಕೂತರೂ ತಟ್ಟೆಯಲ್ಲಿರುವುದನ್ನೆಲ್ಲ ಅಂಚಿಗೆ ತಳ್ಳಿ ಮಟ್ಟ ಮಾಡಿಕೊಂಡೇ ಉಣ್ಣುತ್ತಾರೆ ಎಂದು ಅಕ್ಕ ಅಣಕಿಸುತ್ತಾಳೆ. ಆದರೆ ಓಡಿಸಿದ್ದೆಲ್ಲ ಬೇರೆಯವರ ಯಂತ್ರ. ಆ ಮಾಲೀಕರು ವ್ಯವಹಾರ ಮುಚ್ಚಿದಾಗ, ತಲೆ ನರೆತ ಭಾವನನ್ನು ಕರೆದು ಸೀಟಿನಲ್ಲಿ ಕೂರಿಸುವವರು ಯಾರೂ ಸಿಗಲಿಲ್ಲ.

ಮನೆಯಲ್ಲಿ ಕೂತು ಕೂತು ಅವರ ಮಾತೇ ಕಡಿಮೆಯಾಗಿತ್ತು. ಅಷ್ಟರಲ್ಲಿ ಶಾಲೆಯೊಂದರ ಆಟದ ಬಯಲು ಮಟ್ಟ ಮಾಡುವ ಕೆಲಸ ತಾನಾಗಿ ಒದಗಿಬಂತು. ದೇವರು ಕಣ್ಣು ಬಿಟ್ಟ ಎಂದೇ ನಾನು ತಿಳಿದೆ. ಸ್ವಂತ ಡೋಜರ್ ತಂದರೆ ಕೆಲಸ ನಿಮ್ಮದು, ಸೋಮವಾರದೊಳಗೆ ತರದಿದ್ದರೆ ಬೇರೆಯವರದು ಎಂದು ಕಂಟ್ರಾಕ್ಟರ್ ಹೇಳಿದ್ದ.

ಹಳೇ ಯಂತ್ರದ ಬೇಟೆ ಶುರುವಾಯಿತು. ನೋಡಿದ್ದೊಂದೂ ಭಾವನಿಗೆ ಹಿಡಿಸಲಿಲ್ಲ. ಒಂದರ ಚೈನು ಸವೆದಿತ್ತು, ಇನ್ನೊಂದರ ಬ್ಲೇಡಿನ ಬಿರುಕಿಗೆ ಬಣ್ಣ ಬಳಿದಿದ್ದರು. ಅದೂ ಅಲ್ಲದೆ ಅವರಿಗೊಂದು ಕಟ್ಟುನಿಟ್ಟಿತ್ತು. ತಣ್ಣಗಿದ್ದಾಗ ಏಳದ ಇಂಜಿನ್ನನ್ನು ಮಾರುವವರು, ಗಿರಾಕಿ ಬರುವ ಮೊದಲೇ ಸ್ಟಾರ್ಟ್ ಮಾಡಿ ಬೆಚ್ಚಗಿಟ್ಟಿರುತ್ತಾರಂತೆ. ಸೋರುವುದನ್ನು ಮುಚ್ಚಿಡುವವರು ಹೊಟ್ಟೆ ತೊಳೆದಿಟ್ಟಿರುತ್ತಾರಂತೆ. ಅಂಗೈಗೆ ಬಿಸಿ ತಾಗಿದರೆ, ಬಗ್ಗಿದಾಗ ಹೊಟ್ಟೆ ಹೊಳೆದರೆ, ಬೆಲೆಯನ್ನೂ ಕೇಳದೆ ತಿರುಗಿ ಬರುವವರು ಭಾವ.

"ನನ್ನನ್ನ ನೋಡೋಕೆ ಬಂದಾಗ ಇಷ್ಟು ಹೊತ್ತು ನೋಡ್ಲಿಲ್ಲ ಇವರು" ಎಂದಳು ಅಕ್ಕ.

"ಆಗ ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ರಲ್ಲ. ಬಗ್ಗೋಕೆ ಧೈರ್ಯ ಎಲ್ಲಿತ್ತು?" ಎಂದರು ಭಾವ.

ಶನಿವಾರ ಬೆಳಗ್ಗೆ ಉಳಿದಿದ್ದು ಒಂದೇ ಒಂದು ಡೋಜರ್. ಅಕ್ಕ ನನ್ನನ್ನೂ ಹೊರಡಿಸಿದಳು. ತಾನು ಬಾಯಿ ಬಿಟ್ಟರೆ ಜಗಳವಾಗುತ್ತದೆ, ನಾನಾದರೆ ಸುಮ್ಮನಿರುತ್ತೇನೆ ಎಂಬುದು ಅವಳ ಲೆಕ್ಕ. ಊರಂಚಿನ ಮನೆಯೊಂದರ ಹಿತ್ತಲಲ್ಲಿ, ತಗಡಿನ ಚಾವಣಿಯ ಕೆಳಗೆ ಅದು ಆನೆಯಂತೆ ನಿಂತಿತ್ತು. ಮಾರುತ್ತಿದ್ದವರು ಒಬ್ಬ ಮುದುಕಿ. ಅದನ್ನು ಓಡಿಸುತ್ತಿದ್ದ ಅವರ ಯಜಮಾನರು ತೀರಿಕೊಂಡಿದ್ದರು. ಭಾವ ಚೈನು ತಟ್ಟಿ, ಬ್ಲೇಡು ಸವರಿ ನೋಡಿದರು. ಅವರ ಮುಖ ಅರಳಿದ್ದು ನಮಗೂ ಕಂಡಿತು. ಆಮೇಲೆ ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ಬಿಸಿ. ಬಗ್ಗಿ ನೋಡಿದರು. ಹೊಟ್ಟೆ ಊಟ ಬಡಿಸಬಹುದಾದಷ್ಟು ಚೊಕ್ಕಟ. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು, ನಡಿ ಹೋಗೋಣ ಎಂದರು. ಅಕ್ಕ ಮುಖ ಊದಿಸಿಕೊಂಡು ಅವರ ಹಿಂದೆ ಹೊರಟಳು.

ಬಂದವರು ಚಹಾ ಕುಡಿಯದೆ ಹೋಗಬಾರದೆಂದು ಮುದುಕಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಕೂರಿಸಿ ನೀರಿಟ್ಟರು. ಕೇಳುವ ಕಿವಿ ಸಿಕ್ಕಿತೆಂದು ಹೇಳುತ್ತಲೇ ಹೋದರು. ಯಂತ್ರ ಸುಮ್ಮನೆ ನಿಂತರೆ ಕೈಕಾಲು ಹಿಡಿದುಕೊಳ್ಳುತ್ತದೆ, ದಿನಾ ಎಬ್ಬಿಸು ಎಂದು ಯಜಮಾನರು ಹೇಳಿದ್ದರಂತೆ. ಅವರು ಹೋದ ಮೇಲೂ ಈಕೆ ದಿನ ಬೆಳಗಾದರೆ ಹತ್ತಿ ಕೂತು ಸ್ಟಾರ್ಟ್ ಮಾಡಿ, ಅನ್ನ ಬೇಯುವಷ್ಟು ಹೊತ್ತು ಬಿಟ್ಟು ನಿಲ್ಲಿಸುತ್ತಾರಂತೆ. ಆ ಸದ್ದು ಕೇಳದಿದ್ದರೆ ಪಕ್ಕದ ಮನೆಯವರು ಏಳುವುದೇ ಇಲ್ಲವಂತೆ.

"ಇವತ್ತು ನೀವು ಬರ್ತೀರಿ ಅಂತ ಅದರ ಹೊಟ್ಟೆನೂ ಉಜ್ಜಿ ತೊಳೆದೆ. ಜನ ಬರುವಾಗ ಮನೆ ಗುಡಿಸಲ್ವಾ ನಾವು? ಕೆಳಗೆ ಹಾಸಿದ್ದ ರಟ್ಟು ನೋಡೋಕೆ ಅಸಹ್ಯ ಅಂತ ಕೋಳಿ ಗೂಡಿಗೆ ಹಾಕ್ಬಿಟ್ಟೆ."

ಯಾವ ರಟ್ಟು ಎಂದು ಕೇಳಿದೆ. ಎಲ್ಲಿ ಸೋರುತ್ತದೆಂದು ತಿಳಿಯಲು ಯಜಮಾನರೇ ಹಾಸಿದ್ದು, ತಿಂಗಳುಗಟ್ಟಲೆ ಅಲ್ಲೇ ಇತ್ತು ಎಂದರು. ನಾನು ಚಹಾ ಅಲ್ಲೇ ಬಿಟ್ಟು ಓಡಿದೆ. ಭಾವ ಆಗಲೇ ಗೇಟಿನ ಹತ್ತಿರವಿದ್ದರು. ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನನ್ನ ಬಾಯಿಂದ ಅಷ್ಟು ಮಾತು ಬಂದದ್ದಕ್ಕೇ ಅಕ್ಕ ಬೆರಗಾದಳು.

ಬಗ್ಗಣ್ಣ ಕೋಳಿ ಗೂಡಿನೊಳಗೆ ಬಗ್ಗಿದರು. ಹೇಂಟೆಯೊಂದು ಕೊಕ್ಕಿನಿಂದ ಅವರ ಕಿವಿಯನ್ನೂ ವಿಚಾರಿಸಿಕೊಂಡಿತು. ತಲೆಯಲ್ಲಿ ಎರಡು ಪುಕ್ಕ ಸಿಕ್ಕಿಸಿಕೊಂಡು, ರಟ್ಟು ಹಿಡಿದು ಹೊರಬಂದರು. ಕೋಳಿಯದನ್ನು ಒರೆಸಿದರೆ ಉಳಿದದ್ದು ಒಂದು ಮೂಲೆಯಲ್ಲಿ ಅಂಗಿಯ ಗುಂಡಿಯಷ್ಟು ಆಯಿಲ್ ಕಲೆ, ಅಷ್ಟೇ.

"ಇಷ್ಟೂ ಸೋರದಿದ್ರೆ ಒಳಗೆ ಆಯಿಲೇ ಇಲ್ಲ ಅಂತ ಅರ್ಥ" ಎಂದು ಭಾವ ನಕ್ಕರು. ಆ ನಗು ಕಂಡು ಎಷ್ಟು ಕಾಲವಾಗಿತ್ತೋ.

ಆದರೂ ಇಂಜಿನ್ ತಣಿಯಲಿ, ಆಮೇಲೆ ಮಾತು ಎಂದರು. ಮುದುಕಿ ನಮ್ಮನ್ನು ಉಪವಾಸ ಕೂರಿಸಲಿಲ್ಲ. ಉಂಡು, ಅವರ ಯಜಮಾನರ ಕಥೆ ಕೇಳಿ, ಭಾವ ಜಗಲಿಯಲ್ಲಿ ಒಂದು ನಿದ್ದೆಯನ್ನೂ ತೆಗೆದರು. ಬಿಸಿಲು ಇಳಿದಾಗ ಎದ್ದು ಅಂಗೈ ಇಟ್ಟರು. ತಣ್ಣಗಿತ್ತು. ಮೇಲೆ ಹತ್ತಿ ಕೂತರು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ. ಪೂರ್ತಿ ಹೇಳಿ ಮುಗಿಸಲು ಡೋಜರ್ ಬಿಡಲಿಲ್ಲ. ಒಮ್ಮೆ ಕೆಮ್ಮಿ, ಕರಿ ಹೊಗೆ ಉಗುಳಿ, ನೆಲ ನಡುಗಿಸುತ್ತ ಎದ್ದುಬಿಟ್ಟಿತು. ಕೋಳಿಗಳೆಲ್ಲ ದಿಕ್ಕಾಪಾಲು. ಇದೇನು ಸಂಜೆಗೇ ಬೆಳಗಾಯಿತಾ ಎಂದು ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೂಗಿ ಕೇಳಿದರು.

ಭಾವ ಹಿತ್ತಲಲ್ಲಿ ಒಂದು ಸುತ್ತು ಹೊಡೆದು, ನಿಲ್ಲಿಸಿ, ಅಕ್ಕನ ಕಡೆ ಕೈ ಚಾಚಿದರು. ಇಷ್ಟು ವರ್ಷದಲ್ಲಿ ಅಕ್ಕ ಡೋಜರ್ ಹತ್ತಿದವಳಲ್ಲ. ಬೇರೆಯವರ ಯಂತ್ರಕ್ಕೆ ಹೆಂಡತಿಯನ್ನು ಹತ್ತಿಸುವುದು ಭಾವನಿಗೆ ಸರಿಬರುತ್ತಿರಲಿಲ್ಲ. ಈಗ ಆಕೆ ಚೈನಿನ ಮೇಲೆ ಕಾಲಿಟ್ಟು ಏರಿ ಅವರ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತಳು. "ರೀ, ಸೀಟು ಗಟ್ಟಿಯಾಗಿದೆ" ಎಂದು ದೂರುವಾಗಲೂ ಅವಳ ಮುಖ ಹುಣ್ಣಿಮೆಯಾಗಿತ್ತು.

ಮಾತುಕತೆ ಮುಗಿಯಿತು. ಮಾರನೆಯ ದಿನ ಬೆಳಗ್ಗೆ ಟ್ರೇಲರ್ ತರಿಸಿ ಒಯ್ಯುವುದು, ಸೋಮವಾರ ಬಯಲಿಗೆ ಇಳಿಸುವುದು ಎಂದಾಯಿತು. ಗೇಟಿನ ತನಕ ಬಂದ ಮುದುಕಿ, ಭಾವನ ತಲೆಯಲ್ಲಿ ಉಳಿದಿದ್ದ ಪುಕ್ಕ ತೆಗೆದು ಹೇಳಿದರು.

"ನಾಳೆ ನೀನು ಬರೋಷ್ಟರಲ್ಲಿ ನಾನೇ ಸ್ಟಾರ್ಟ್ ಮಾಡಿ ಬೆಚ್ಚಗಿಟ್ಟಿರ್ತೀನಿ ಕಣಪ್ಪ. ನಿನಗೆ ಕೆಲಸ ಹಗುರ ಆಗುತ್ತೆ."

"ಬೇಡಮ್ಮ" ಎಂದರು ಭಾವ. "ನಾಳೆ ನೀವು ಇನ್ನೊಂದು ಗಳಿಗೆ ಮಲಗಿ. ಅದು ತಣ್ಣಗೇ ಇರ್ಲಿ. ನಾನು ಬಂದು, ಕೈಯಿಟ್ಟು ನೋಡಿ, ಎಬ್ಬಿಸ್ತೀನಿ."