ಸ್ಕೂಟರಿಗೆ ಜಳಕ

ಒಳಗೆ ಹೆಂಡತಿ ಗಿರಿಜಾ ಡ್ರೈಯರ್ ಹಿಡಿದು ಕೂದಲು ಒಣಗಿಸುತ್ತಿದ್ದಾಳೆ. ಆ ಭರ್ರೆನ್ನುವ ಸದ್ದು, ಕಾದ ಧೂಳಿನ ಸಣ್ಣ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಸ್ಕೂಟರು. ನೀವು ನಗಬಹುದು, ನಡೆದದ್ದು ಹೇಳುತ್ತೇನೆ.

ಸ್ಕೂಟರು ಗಿರಿಜಾಳದು. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಿಂದ ಸುತ್ತಲಿನ ಸೊಸೈಟಿಗಳಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಟ್ಟಿಸಿ ಬರುತ್ತಿದ್ದಳು. ಹೋದ ವರ್ಷ ಮಳೆ ಹಿಡಿದಾಗ ಸ್ಟೇಷನ್ ಕಡೆಯ ತಿರುವಿನಲ್ಲಿ ಬಿದ್ದಳು. ನಾನು ಎದುರಿನ ಫುಟ್‌ಪಾತಿನಲ್ಲಿ ಕೊತ್ತಂಬರಿ ಕೊಳ್ಳುತ್ತಿದ್ದೆ. ಆಟೊ ಅಡ್ಡ ಬಂತು, ಅವಳು ಬ್ರೇಕನ್ನು ಗಟ್ಟಿಯಾಗಿ ಹಿಡಿದಳು, ಮುಂದಿನ ಚಕ್ರ ಜಾರಿತು. ಮೊಣಕೈ ತರಚಿತು, ಅಷ್ಟೇ. ಆದರೆ ಹಿಂದಿನ ಬಸ್ಸು ಎಷ್ಟು ಹತ್ತಿರ ಬಂದು ನಿಂತಿತೆಂಬುದನ್ನು ನೋಡಿದವನು ನಾನು.

ಆಮೇಲೆ ರೊಟ್ಟಿ ಆಟೊ ಹತ್ತಿತು. ಸ್ಕೂಟರು ಹೊದಿಕೆಯೊಳಗೆ ಕೂತಿತು. ಆಯುಧಪೂಜೆಯ ಬೆಳಿಗ್ಗೆ ಗಿರಿಜಾ ತಾನಾಗಿಯೇ ಅಂದಳು: “ಪೂಜಾ ಆದಮ್ಯಾಲೆ ನಾನ ಒಂದ್ ರೌಂಡ್ ಹೊಡೀತೀನ್ರೀ.”

ಸಂತೋಷವೋ ಗಾಬರಿಯೋ, ನಾನು ಪೈಪು ಹಿಡಿದು ಗಾಡಿಯ ಸಂದಿಗೊಂದಿಯನ್ನೆಲ್ಲ ತೊಳೆದೆ. ಮಾಲೆ ಬಿತ್ತು, ಕುಂಕುಮ ಬಿತ್ತು. ಅವಳು ಅಂಜುತ್ತಲೇ ಬ್ರೇಕ್ ಹಿಡಿದು ಸ್ವಿಚ್ ಒತ್ತಿದಳು. ಕರಕರ ಸದ್ದು ಬಂತು, ಎಂಜಿನ್ ಹತ್ತಲಿಲ್ಲ. “ಹೋಗ್ಲಿ ಬಿಡ್ರಿ, ಇವತ್ತ ಬ್ಯಾಡನ್ನಸ್ತದ,” ಎಂದು ಇಳಿದೇಬಿಟ್ಟಳು. ಒಂದು ಕ್ಷಣ ನನಗೂ ಹಾಯೆನಿಸಿತು. ಆದರೆ ಅವಳ ಮುಖ ನೋಡಿದೆ. ಇವತ್ತು ಗಾಡಿ ಮತ್ತೆ ಹೊದಿಕೆಯೊಳಗೆ ಹೋದರೆ ಅವಳ ಧೈರ್ಯವೂ ಅದರೊಂದಿಗೆ ಹೋಗುತ್ತದೆ. ಹಬ್ಬಕ್ಕೆ ಗ್ಯಾರೇಜುಗಳೆಲ್ಲ ಮುಚ್ಚಿದ್ದವು.

ನಾನೇ ಸ್ಪಾರ್ಕ್ ಪ್ಲಗ್ ಬಿಚ್ಚಿ, ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದೆ. ಸ್ವಿಚ್ ಒತ್ತಿದರೆ ತುದಿಯಲ್ಲಿ ಕಿಡಿ ಹಾರಬೇಕು. ಒತ್ತುವುದು ಯಾರು? ಅದೂ ಈ ಗಾಡಿಯಲ್ಲಿ ಬ್ರೇಕ್ ಹಿಡಿಯದೆ ಸ್ವಿಚ್ ಕೆಲಸ ಮಾಡುವುದೇ ಇಲ್ಲ.

“ಬ್ರೇಕ್ ಹಿಡಿದು ಒತ್ತು,” ಅಂದೆ. ಅವಳು ಲಿವರ್ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. “ಸ್ಟ್ಯಾಂಡ್ ಹಾಕೇತಿ, ಎಲ್ಲಿಗೆ ಓಡ್ತೈತದು?” ಅಂದೆ. ಒತ್ತಿದಳು. ಕಿಡಿಯಿಲ್ಲ. ಡಿಕ್ಕಿಯಲ್ಲಿದ್ದ ಹೊಸ ಪ್ಲಗ್ ಹಾಕಿದೆ. ಮತ್ತೆ ಹಿಡಿ, ಮತ್ತೆ ಒತ್ತು. ಅದಕ್ಕೂ ಇಲ್ಲ.

ಕೆಳಮನೆಯ ಮರಾಠಿ ಕಾಕೂ ಕಿಟಕಿಯಲ್ಲಿ ಇಣುಕಿದರು. “ಕಾಯ್ ಹೋ, ಗಾಡೀಲಾ ಆಂಘೋಳ್ ಘಾತಲೀ ಕಾ?”

“ಹೂಂ ಕಾಕೂ, ಜಳಕಾ ಮಾಡ್ಸ್ಯಾರ. ತಮ್ಮ ತಲಿಗೆ ಸೈತ ಇಷ್ಟ್ ನೀರು ಹಾಕ್ಕೊಳಂಗಿಲ್ಲ!” ಎಂದಳು ಗಿರಿಜಾ. ಕಾಕೂಗೆ ಕನ್ನಡ ಬಾರದು, ಆದರೂ ನಕ್ಕರು.

ಕ್ಯಾಪನ್ನೇ ತಿರುಗಿಸಿ ವೈರಿನಿಂದ ಕಿತ್ತೆ. ವೈರಿನ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಲೋಹದ ಸಮೀಪ ತಂದೆ. ಬಟ್ಟೆ ಒದ್ದೆಯಾಗಿತ್ತು, ಅದನ್ನು ನೋಡದೆ ಇದ್ದದ್ದು ನನ್ನ ಜಾಣತನ. ಅವಳು ಒತ್ತಿದಳು. ನಾನು ಕುಂತಲ್ಲಿಂದ ಎಗರಿದೆ.

“ಕಿಡಿ ಐತಿ!”

“ಎಲ್ಲೈತ್ರೀ?”

“ನನ್ನ ಹೆಗಲಾಗ!”

ಹೊಟ್ಟೆ ಹಿಡಿದುಕೊಂಡು ನಕ್ಕಳು. ಸರಿ, ಕಿಡಿ ವೈರಿನ ತುದಿಯವರೆಗೆ ಬರುತ್ತಿದೆ, ಕ್ಯಾಪು ದಾಟುತ್ತಿಲ್ಲ. ಕ್ಯಾಪು ಬೋರಲು ಹಾಕಿದರೆ ನೀರಿನ ಹನಿ ಬಿತ್ತು. ಗಿರಿಜಾ ಮೇಲೆ ಹೋಗಿ ತನ್ನ ಡ್ರೈಯರ್ ತಂದಳು, ಕಾಕೂ ಕಿಟಕಿಯಿಂದ ಕರೆಂಟು ಕೊಟ್ಟರು. ಕ್ಯಾಪು ಚೆನ್ನಾಗಿ ಒಣಗಿದ ಮೇಲೆ ವೈರಿಗೆ ಜೋಡಿಸಿ, ಪ್ಲಗ್ ಸಿಕ್ಕಿಸಿ ಮತ್ತೆ ಲೋಹಕ್ಕೆ ತಾಗಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು: “ಹಿಡ್ದೀನ್ರೀ, ಲಗೂನ ನೋಡ್ರಿ.”

ಆಗ ಅವಳ ಕೈ ನೋಡಿದೆ. ಕಿಡಿ ಹುಡುಕುವ ಗಡಿಬಿಡಿಯಲ್ಲಿ ಎಷ್ಟೋ ಸಲ ಹಿಡಿದು ಬಿಟ್ಟು, ಆ ಬೆರಳುಗಳು ಬ್ರೇಕಿನ ಮೇಲೆ ಹಗುರವಾಗಿ ಕೂತಿದ್ದವು. ಪ್ಲಗ್ಗಿನ ತುದಿಯಲ್ಲಿ ಚಟಚಟನೆ ನೀಲಿ ಕಿಡಿ ಹಾರಿತು.

ಪ್ಲಗ್ ಬಿಗಿದೆ, ಎಂಜಿನ್ ಹತ್ತಿತು. ಅವಳು ಕಂಪೌಂಡಿನಲ್ಲಿ ಒಂದು ಸುತ್ತು ಹೊಡೆದಳು. ಎರಡನೆಯದಕ್ಕೆ ಗೇಟು ದಾಟಿ ಹೋದಳು. ತಿರುಗಿ ಬರುವವರೆಗೆ ನಾನು ಸ್ಪ್ಯಾನರ್ ಹಿಡಿದು ನಿಂತೇ ಇದ್ದೆ.

ಅಂದಿನಿಂದ ಅವಳು ದಿನಾ ಹೋಗುತ್ತಾಳೆ. ಹಿಂದೆ ಕೂರಲು ಕರೆದಾಗಲೆಲ್ಲ ನಾನು, ಲೋಕಲ್ ಟ್ರೇನೇ ಆರಾಮ ಎನ್ನುತ್ತ ಬಂದಿದ್ದೇನೆ.

ಈಗ ಬಾಗಿಲಲ್ಲಿ ನಿಂತಿದ್ದಾಳೆ. “ದಾದರಕ್ಕ ಹೊಂಟೀನಿ. ನೀವು ಲೋಕಲ್‌ನ್ಯಾಗ ಬರ್ರಿ, ಆರಾಮ.”

“ಇನ್ನೊಂದು ಹೆಲ್ಮೆಟ್ ಎಲ್ಲೈತಿ?” ಅಂದೆ.

ಅವಳು ನನ್ನನ್ನೇ ನೋಡಿದಳು. ಒಳಗೆ ಹೋಗಿ, ಹೆಲ್ಮೆಟ್ಟಿನ ಧೂಳನ್ನು ಸೆರಗಿನಿಂದ ಒರೆಸುತ್ತ ಬಂದಳು.