ಅಚ್ಚು ಕೆಚ್ಚುವ ಕೈ

ದೊಡ್ಡಬಳ್ಳಾಪುರದಲ್ಲಿ ಅಚ್ಚು ಕೆಚ್ಚುವವರು ಬೇಕಾದಷ್ಟು ಜನ ಇದ್ದಾರೆ ಎಂದು ಯಾರಾದರೂ ಅಂದರೆ ದ್ಯಾವಮ್ಮ ಮೂಗು ಮುರಿಯುತ್ತಿದ್ದಳು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತಾ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದೇ ಅಚ್ಚು ಕೆಚ್ಚುವ ಕೆಲಸ. ನಾಲ್ಕು ಸಾವಿರ ಎಳೆ, ಜಾರದಂತೆ ಬೆರಳ ತುದಿಗೆ ಚಿಟಿಕೆ ಬೂದಿ. ಗಂಟು ಬೀಳಕೂಡದು, ಒಂದೆಳೆಯೂ ತಪ್ಪಕೂಡದು. ಉಳಿದವರು ಎರಡು ದಿನ ಕೂರುವ ಕಡೆ ಅವಳು ಒಂದೇ ದಿನಕ್ಕೆ ಮುಗಿಸಿ ಸೆರಗು ಕೊಡವಿ ಏಳುತ್ತಿದ್ದಳು. ಹೀಗಾಗಿ ಊರಿನಲ್ಲಿ ಅವಳ ಕಣ್ಣಿಗೆ ಮನುಷ್ಯರೇ ಬೀಳುತ್ತಿರಲಿಲ್ಲ. ಮಿಕ್ಕ ಕೆಚ್ಚುವವರೆಲ್ಲ ಹಗ್ಗ ಹೊಸೆಯಲು ಲಾಯಕ್ಕು. ಗಂಟು ಹಾಕುವ ಮಿಷನ್ನು ತರಿಸಿದ ಮಾಲೀಕರಿಗೆ ತಲೆ ಕೆಟ್ಟಿದೆ. ಸೊಸೆ ರಂಜಿತ ಬೆರಳಿನ ಬದಲು ಬದನೆಕಾಯಿ ಇಟ್ಟುಕೊಂಡು ಹುಟ್ಟಿದವಳು. ಗಂಡ ಪಿಳ್ಳಣ್ಣನ ವಿಷಯವಂತೂ ಕೇಳಲೇಬೇಡಿ. ಮೂವತ್ತು ವರ್ಷ ಮಗ್ಗ ಓಡಿಸಿದರೂ ಅವನಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದು ಎಂಬುದು ಅವಳ ತೀರ್ಮಾನ.

ಆ ತಾತ್ಸಾರವೇ ಅವಳ ಮಣಿಕಟ್ಟು ಕೊಯ್ದಿತು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗದ ಮನೆ ಬೇಯುತ್ತಿತ್ತು. ಕಿಟಕಿ ಬಿಗಿದುಕೊಂಡಿತ್ತು. ಪಿಳ್ಳಣ್ಣ ಅದರ ಚೌಕಟ್ಟನ್ನು ಮೆಲ್ಲಗೆ ತಟ್ಟುತ್ತಿದ್ದ.

"ಅದೇನು ಮಗೀನ ಮಲಗಿಸ್ತಿದ್ದೀಯಾ? ಸರ್ಕೋ ಆ ಕಡೆ," ಅಂದವಳೇ ದ್ಯಾವಮ್ಮ ಬಲಗೈಯಿಂದ ಗುದ್ದಿದಳು.

ಗುದ್ದು ಚೌಕಟ್ಟಿಗೆ ಬೀಳದೆ ಗಾಜಿಗೆ ಬಿತ್ತು. ಕೈ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಮಣಿಕಟ್ಟು ಅಡ್ಡಡ್ಡ ಸೀಳಿಹೋಗಿತ್ತು. ರಕ್ತ ನೋಡಿ ಅವಳು ಹೆದರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಎಷ್ಟು ಮಡಚಿದರೂ ಮಡಚಲಿಲ್ಲ, ಅದಕ್ಕೆ ಹೆದರಿದಳು. ಆ ಮೂರು ಬೆರಳು ಹೋದರೆ ಅವಳೂ ಊರಿನ ಹತ್ತು ಹೆಂಗಸರಲ್ಲಿ ಒಬ್ಬಳು. ಮೊಳೆ ಹೊಡೆಯಲು ಬಾರದ ಪಿಳ್ಳಣ್ಣ ಟವೆಲು ಬಿಗಿದು, ಕೈ ಮೇಲೆತ್ತಿ ಹಿಡಿದು, ಬೆಂಗಳೂರಿನ ದೊಡ್ಡಾಸ್ಪತ್ರೆಯವರೆಗೆ ಒಂದು ಕ್ಷಣವೂ ಇಳಿಸಲಿಲ್ಲ. ಅವಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಅಲ್ಲಿನ ಡಾಕ್ಟರು ಅಂಜನ್, ಇನ್ನೂ ಎಳೆ ಮುಖದವರು. ಇವನ ಕೈಗೆ ನನ್ನ ಕೈ ಕೊಡಬೇಕಲ್ಲ ಎಂದು ದ್ಯಾವಮ್ಮನಿಗೆ ಹೊಟ್ಟೆ ಉರಿಯಿತು.

"ಬೆರಳು ಎಳೆಯೋ ಹುರಿಗಳು ಕಟ್ಟಾಗಿವೆ ಅಮ್ಮ. ಅವನ್ನ ಹೊಲಿದ್ರೆ ಬೆರಳು ಮಡಚ್ತವೆ," ಅಂದರು ಅವರು. "ಆದರೆ ಮುಟ್ಟಿದ್ದು ತಿಳಿಯೋ ನರಾನೂ ಕಟ್ಟಾಗಿದೆ. ಅದನ್ನೂ ಕೂಡಿಸ್ತೀನಿ. ಸ್ಪರ್ಶ ಬರೋದು ತುಂಬಾ ನಿಧಾನ, ಪೂರ್ತಿ ಬರದೇನೂ ಇರಬಹುದು."

"ಮಡಚಂಗ್ ಮಾಡಪ್ಪ, ಸಾಕು. ಮಿಕ್ಕಿದ್ದು ನಾನ್ ನೋಡ್ಕೊತೀನಿ."

ನೋವು ತಿಳಿಯದಂತೆ ಗಾಯದ ಸುತ್ತ ಮಾತ್ರ ಇಂಜೆಕ್ಷನ್ ಕೊಟ್ಟು, ಎಚ್ಚರವಿಟ್ಟೇ ಆಪರೇಷನ್ ಮಾಡಿದರು. ಮುಖ ಆ ಕಡೆ ತಿರುಗಿಸಿ ಅಂದರೆ ಅವಳು ಕೇಳಬೇಕಲ್ಲ. ಕತ್ತು ಉದ್ದ ಮಾಡಿ ಒಂದೊಂದು ಹೊಲಿಗೆಯನ್ನೂ ನೋಡಿದಳು.

"ಹಂಗ್ ಗಂಟಾಕಿದ್ರೆ ಹುರಿ ಓಡಾಡ್ತದಾ?"

"ಗಂಟು ಹುರಿಯ ಒಳಗೇ ಹೋಗುತ್ತಮ್ಮ."

"ಹೂಂ," ಅಂದಳು, ಒಪ್ಪದ ದನಿಯಲ್ಲಿ.

ಎಲ್ಲ ಹೊಲಿದ ಮೇಲೆ ಡಾಕ್ಟರು, "ನಡುಬೆರಳು ಮಡಚಿ ನೋಡೋಣ," ಅಂದರು. ಅವಳು ನಡುಬೆರಳು ಮಡಚಿದಳು. ಮಡಚಿದ್ದು ತೋರುಬೆರಳು.

"ಎಳೆ ತಪ್ಪೈತೆ. ಬಿಚ್ಚು," ಅಂದಳು ದ್ಯಾವಮ್ಮ. "ನಮ್ಮನೆ ಸೊಸೆನೂ ಇಂಥಾ ಘನಂದಾರಿ ಕೆಲಸಾನೇ ಮಾಡೋದು."

ಡಾಕ್ಟರು ಬಗ್ಗಿ ನೋಡಿ, "ನೀವು ಹೇಳಿದ್ದು ಸರಿ," ಎಂದು ಎರಡು ಹುರಿ ಬಿಚ್ಚಿ ಮತ್ತೆ ಹೊಲಿದರು. ಈ ಸಲ ಸರಿಯಾದ ಬೆರಳೇ ಬಾಗಿತು. ಡಾಕ್ಟರಿಗೇ ಕೆಚ್ಚುವುದು ಕಲಿಸಿ ಬಂದೆ ಎಂದು ಅವಳು ಆಮೇಲೆ ಹಾಲಿನ ಡೈರಿಯ ಸಾಲಿನಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಆರು ವಾರ ಕೈಗೆ ಪಟ್ಟಿ. ರಂಜಿತ ತಲೆ ಬಾಚಿದಳು, ಮುದ್ದೆ ಮುರಿದು ಕೊಟ್ಟಳು, ಹೇಳಿಕೊಟ್ಟ ಹಾಗೆ ಬೆರಳು ಮಡಚಿ ಬಿಚ್ಚಿಸಿದಳು, ಎಲ್ಲಕ್ಕೂ ಬೈಸಿಕೊಂಡಳು. ನಾಲ್ಕನೆಯ ತಿಂಗಳಿಗೆ ದ್ಯಾವಮ್ಮ ಬಲಗೈಯಲ್ಲಿ ಕೊಡ ಎತ್ತಿದಳು. ಮರುದಿನ ಬೆಳಗ್ಗೆಯೇ ಹೊಸ ಹಾಸಿನ ಮುಂದೆ ಕೂತು ಬೂದಿ ಹಚ್ಚಿದಳು.

ಎರಡು ಎಳೆ ಹಿಡಿದು ಹೊಸೆದಳು. ಬೆರಳು ಬಿಡಿಸಿ ನೋಡಿದರೆ ಎಳೆ ಇಲ್ಲ. ಬೂದಿಯನ್ನು ಬೈದು ಮತ್ತೆ ಹಿಡಿದಳು, ರೇಷ್ಮೆಯನ್ನು ಬೈದು ಮತ್ತೊಮ್ಮೆ ಹಿಡಿದಳು.

"ಅತ್ತೆ, ಅದು ಆವಾಗ್ಲೇ ಜಾರ್ಬಿಡ್ತು. ನೀವು ಬರೀ ಬೆರಳು ಹೊಸೀತಿದ್ದೀರ," ಅಂದಳು ರಂಜಿತ.

"ನಿಂಗೆ ಅಷ್ಟೊಂದು ಗೊತ್ತಿದ್ರೆ ನೀನೇ ಕೂತ್ಕೋ."

ರಂಜಿತ ಕೂತಳು. ಮಧ್ಯಾಹ್ನದ ಹೊತ್ತಿಗೆ ಒಂದು ಗೇಣಗಲ ಕೆಚ್ಚಿದ್ದಳು. ದ್ಯಾವಮ್ಮ ತಪ್ಪು ಹುಡುಕಲು ಬಗ್ಗಿ ಆ ಸೇರಿಕೆಗಳ ಮೇಲೆ ಬಲಗೈ ಬೆರಳು ಸವರಿದಳು. ಎಲ್ಲೂ ತಡೆಯಲಿಲ್ಲ. ಒಂದು ಗಂಟೂ ಇಲ್ಲ.

"ಪರವಾಗಿಲ್ವೇ," ಅಂದಳು. "ನೈಸಾಗಿ ಬಂದೈತೆ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆಯ ಬಾಯಲ್ಲಿ ರಂಜಿತ ಇಂಥ ಮಾತು ಕೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂದವು. ದ್ಯಾವಮ್ಮನಿಗೆ ಮಾತ್ರ ಯಾಕೋ ಅನುಮಾನವಾಗಿ, ಅದೇ ಜಾಗದಲ್ಲಿ ಎಡಗೈ ಆಡಿಸಿದಳು. ಬೆರಳಿಗೆ ರಾಗಿಕಾಳಿನಂತೆ ಸಾಲಾಗಿ ಗಂಟುಗಳು ಸಿಕ್ಕಿದವು.

ಹೇಳಲು ಬಾಯಿ ತೆರೆದಳು. ಗಂಟಿದೆ ಎಂದರೆ, ಬಲಗೈಗೆ ಅದು ತಿಳಿಯಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ರಂಜಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗೈತೆ ಅಂದ್ನಲ್ಲ," ಅಂದಳು ದ್ಯಾವಮ್ಮ. "ಮುಂದಕ್ಕೆ ಕೆಚ್ಚು."